ಬೀಳಗಿಗೆ ಹೋದ ಪ್ಲೇಟು

ವಿಜಯಪುರದಿಂದ ಹೊರಟ ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಂದ ಇಳಿಸದೆ ಕೂತಿದ್ದೆ. ಕಂಡಕ್ಟರ್ ಎರಡು ಸಲ “ಮ್ಯಾಲ ಇಡ್ರಿ” ಅಂದ. “ಒಡೀತೈತ್ರಿ” ಅಂದೆ. ಒಳಗೆ ತತ್ತಿ ಇರಬೇಕೆಂದುಕೊಂಡನೋ ಏನೋ, ಸುಮ್ಮನಾದ. ಇದ್ದದ್ದು ಒಂದು ಗ್ರಾಮಫೋನ್ ಪ್ಲೇಟು. 1943ರ ‘ಕಿಸ್ಮತ್’ ಹಿಂದಿ ಚಿತ್ರದ್ದು, ಹಾಡಿದವರು ಅಮೀರಬಾಯಿ ಕರ್ನಾಟಕಿ. ಬೆಳಗಾವಿಯ ಖಡೇಬಜಾರಿನ ಹತ್ತಿರದ ಗುಜರಿ ಅಂಗಡಿಯಲ್ಲಿ, ತಾಮ್ರದ ಹಂಡೆಗಳ ಕೆಳಗೆ ಸಿಕ್ಕಿತ್ತು. ಅಮೀರಬಾಯಿ ಬೀಳಗಿಯವರು. ಆ ಹಾಡನ್ನು ಅವರ ಊರಿನಲ್ಲೇ ಕೂತು ಕೇಳಬೇಕು, ನಾಲ್ಕು ಜನಕ್ಕೆ ಕೇಳಿಸಬೇಕು ಅನ್ನುವ ಹುಚ್ಚು ನನ್ನದು.

ಆ ದಿನ ಸಿಕ್ಕಿದ್ದು ಎರಡು ಪ್ಲೇಟು. ಇನ್ನೊಂದನ್ನು ನಾನೇ ಕೊಂದೆ. ಧೂಳು ಹೋಗಲಿ ಅಂತ ಸ್ಪಿರಿಟ್ ಹಚ್ಚಿ ಒರೆಸಿದೆ. ಆಮೇಲೆ ಬಂದ ವಿನೈಲಿನ ಎಲ್‌ಪಿ ಪ್ಲೇಟಿಗಾದರೆ ಅದು ನಡೆಯುತ್ತದೆ. ಈ ಹಳೆಯವು ಅರಗಿನವು. ಪತ್ತಾರರು ಆಭರಣದೊಳಗೆ ತುಂಬುವ ಅರಗಿದೆಯಲ್ಲ, ಅದಕ್ಕೇ ಕಲ್ಲಿನ ಪುಡಿ ಕಲಸಿ ಒತ್ತಿದ್ದು. ಸ್ಪಿರಿಟ್ ಬಿದ್ದರೆ ಕರಗುತ್ತದೆ. ಬಟ್ಟೆ ಕಪ್ಪಾಯಿತು, ಹಾಡೆಲ್ಲ ಬಟ್ಟೆಗೆ ಬಂತು. ಲೇಬಲ್ ಮೊದಲೇ ಸವೆದಿದ್ದರಿಂದ ಯಾರ ದನಿಯನ್ನು ಒರೆಸಿ ಹಾಕಿದೆ ಅನ್ನುವುದೂ ತಿಳಿಯಲಿಲ್ಲ. ಅಮೀರಬಾಯಿಯನ್ನು ಮಾತ್ರ ಬರೀ ನೀರು, ಒಂದು ಹನಿ ಸೋಪಿನಲ್ಲಿ, ಕೂಸಿಗೆ ಎರೆದ ಹಾಗೆ ತೊಳೆದೆ. ನಿಮಿಷಕ್ಕೆ 78 ಸುತ್ತು ತಿರುಗುವ ಈ ಪ್ಲೇಟಿನ ಗೆರೆ ಎಲ್‌ಪಿಯದಕ್ಕಿಂತ ಅಗಲ. ಅದಕ್ಕೆಂದೇ ಇರುವ ದಪ್ಪ ಸೂಜಿ ಹಾಕಿ ನುಡಿಸಿ, ಫೋನಿಗೆ ಇಳಿಸಿಕೊಂಡಿದ್ದೆ.

ಕೊಲ್ಹಾರದಲ್ಲಿ ಬಸ್ಸು ನಿಂತಾಗ ಒಂದು ಗಡಿಗೆ ಮೊಸರು ಕೊಂಡೆ. ಕೊಲ್ಹಾರ ದಾಟುವಾಗ ಮೊಸರು ಕೊಳ್ಳದಿದ್ದರೆ ಮನೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಆಮೇಲೆ ಕೃಷ್ಣೆಯ ಮೇಲಿನ ಉದ್ದನೆಯ ಸೇತುವೆ. ಎರಡೂ ಕಡೆ ಆಲಮಟ್ಟಿಯ ಹಿನ್ನೀರು. ಇದರ ಕೆಳಗೆ ಹೊಲ, ಮನೆ, ಕಟ್ಟೆ ಎಲ್ಲ ಹೋದವು. ಪಕ್ಕದ ಸೀಟಿನವರು ನೀರಿನ ಕಡೆ ಬೆರಳು ಮಾಡಿ “ಅಲ್ಲಿತ್ತ ನೋಡ್ರಿ ನಮ್ಮನಿ” ಅಂದರು. ನೀರಲ್ಲದೆ ನನಗೇನೂ ಕಾಣಲಿಲ್ಲ.

ಬೀಳಗಿಯ ಚಹಾ ಅಂಗಡಿಯಲ್ಲಿ ಪ್ಲೇಟು ಹೊರತೆಗೆದಿದ್ದೇ ತಡ, ವಾದ ಶುರುವಾಯಿತು. ರುಮಾಲಿನ ಅಜ್ಜನೊಬ್ಬರು, “ದೇಶದಾಗ ಮೊದಲ ಪ್ಲೇಟ್ ಕೊಟ್ಟಾಕಿ ನಮ್ಮೂರ ಗೋಹರಬಾಯಿ” ಅಂದುಬಿಟ್ಟರು. ಹಂಗಂತ ಹೆಸರಾದಾಕಿ ಕಲಕತ್ತೆಯ ಗೋಹರ್ ಜಾನ್ ಅಜ್ಜಾರ, 1902ರಾಗ, ಅಂದೆ. ಹಾಡು ಮುಗಿದ ಮೇಲೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಪ್ಲೇಟು ಒತ್ತುವುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಯಾರ ಹಾಡೆಂದು ಗೊತ್ತಾಗಬೇಕಲ್ಲ. ಕೊನೆಗಾಲಕ್ಕೆ ಮೈಸೂರು ಸೇರಿ ಅಲ್ಲೇ 1930ರಲ್ಲಿ ತೀರಿಕೊಂಡಳು. ಬೀಳಗಿಯ ಗೋಹರಬಾಯಿ ಅಮೀರಬಾಯಿಯ ಸಹೋದರಿ, ಮರಾಠಿ ರಂಗಭೂಮಿಯ ನಟ ಬಾಲಗಂಧರ್ವರಿಗೆ ನಾಟಕದಲ್ಲೂ ಬದುಕಿನಲ್ಲೂ ಜೊತೆಯಾದವರು. ಎಲ್ಲ ಕೇಳಿದ ಅಜ್ಜ, “ಇರ್ಲಿ ಬಿಡ್ರಿ, ಹೆಸರು ನಮ್ದ ಐತೆಲ್ಲ” ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಸಣ್ಣ ಸ್ಪೀಕರಿಗೆ ಫೋನು ಜೋಡಿಸಿದೆ. ಅಂಗಡಿಯವರು ಭರ್ ಅನ್ನುತ್ತಿದ್ದ ಸ್ಟೋವ್ ಆರಿಸಿದರು. ಮೋಡಕ್ಕೆ ಮೆಲ್ಲಗೆ ಬಾ ಅನ್ನುವ ಹಾಡು ಅದು. ದನಿಯ ಹಿಂದೆ ಪ್ಲೇಟಿನ ಚಿಟಪಟ ಸದ್ದು ಇದ್ದೇ ಇತ್ತು. ಸಂತೆ ಚೀಲ ಹಿಡಿದು ನಿಂತಿದ್ದ ಆಯಿಯೊಬ್ಬರು ಕೇಳಿದರು: “ಹಾಡಿನ ಹಿಂದ ಮಳಿ ಹೊಡ್ಯಾಕತ್ತೈತೇನ ತಮ್ಮಾ?” ಆ ಸದ್ದನ್ನು ಕಂಪ್ಯೂಟರಿನಲ್ಲಿ ತೆಗೆಸಬೇಕೆಂದಿದ್ದೆ. ತೆಗೆಸಲಿಲ್ಲ.

ಮೂರು ನಿಮಿಷ ಚಿಲ್ಲರೆಗೆ ಮುಗಿಯಿತು.

“ಇಷ್ಟ ಏನು?” ಅಜ್ಜನ ಪ್ರಶ್ನೆ. ಹತ್ತಿಂಚಿನ ಪ್ಲೇಟು, ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಅಷ್ಟೇ ಹಿಡಿಯುವುದು ಅಂತ ವಿವರಿಸಿದೆ. ಅಜ್ಜ ಗೀಗಿ ಪದ ಹಾಡುವ ಮೇಳದವರಂತೆ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅನ್ನುವ ಹರದೇಶಿ-ನಾಗೇಶಿ ವಾದದಲ್ಲಿ ಬೆಳತನಕ ಹಾಡಿದವರು. ನಕ್ಕರು. “ಮೂರ ಮಿನಿಟಿನಾಗ ನಮ್ಮ ತುಂತುಣಿ ಶ್ರುತಿನೂ ಕೂಡೂದಿಲ್ಲ.”

ಅವರು ನಕ್ಕದ್ದು ತಲೆಯಲ್ಲಿ ಉಳಿಯಿತು. ನಾಟಕದ ಪದ, ಭಾವಗೀತೆ, ಸಿನಿಮಾ ಹಾಡು ಪ್ಲೇಟಿನ ಅಳತೆಗೆ ಮೈ ಕುಗ್ಗಿಸಿಕೊಂಡವು. ಕೌಜಲಗಿ ನಿಂಗಮ್ಮನಂಥವರು ರಾತ್ರಿಯೆಲ್ಲ ಆಡಿದ ಶ್ರೀಕೃಷ್ಣ ಪಾರಿಜಾತದ ಆಟವನ್ನು ಯಾವ ಮಗ್ಗುಲಿಗೆ ಕೂರಿಸುವುದು? ಇತ್ತ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ತಂದರು. ದೊಡ್ಡ ಕೆಲಸವೇ. ಆದರೂ ಅದನ್ನು ಓದುವಾಗೆಲ್ಲ ನನಗೊಂದು ಹೊಟ್ಟೆಯುರಿ: ಬೀಸುವ ಕಲ್ಲಿನ ಗರಗರ ಎಲ್ಲಿ, ಸಾಲಿನ ಕೊನೆಯ ಎಳೆತ ಎಲ್ಲಿ? ಪುಸ್ತಕದಲ್ಲಿ ಪದ ಉಳಿಯಿತು, ದನಿ ಹೋಯಿತು. ಪ್ಲೇಟಿನಲ್ಲಿ ದನಿ ಉಳಿಯಿತು, ಮೂರು ನಿಮಿಷದ ಆಚೆಗಿನದೆಲ್ಲ ಹೋಯಿತು.

“ನನ್ನ ಫೋನಿಗೆ ಹೊತ್ತಿನ ಗೊಡವಿ ಇಲ್ಲ ಅಜ್ಜಾರ, ಹಾಡ್ರಿ” ಅಂದೆ. ಡಪ್ಪು ಇರಲಿಲ್ಲ, ಬಿಸ್ಕೀಟಿನ ಡಬ್ಬಿಯೇ ಡಪ್ಪಾಯಿತು. ಇನ್ನೊಬ್ಬರು ಗೀಯ ಗೀಯ ಅಂತ ಹಿಂದಿನಿಂದ ದನಿ ಕೂಡಿಸಿದರು. ಇಪ್ಪತ್ತೆಂಟನೇ ನಿಮಿಷಕ್ಕೆ ನನ್ನ ಫೋನು ಸತ್ತಿತು. ಅಜ್ಜ ಕಣ್ಣು ಮುಚ್ಚಿದ್ದರು, ನಿಲ್ಲಿಸಲಿಲ್ಲ. ನಿಲ್ಲಿಸಿ ಅನ್ನಲು ನನಗೂ ಬಾಯಿ ಬರಲಿಲ್ಲ.

ಅಂಗಡಿಯ ಹುಡುಗ ಚಾರ್ಜರ್ ಕೊಟ್ಟ. ಸಂಜೆಯ ಬಸ್ಸು ಬರುವಷ್ಟರಲ್ಲಿ ಅಮೀರಬಾಯಿಯ ಹಾಡು ಆರೇಳು ಮಂದಿಯ ಫೋನಿಗೆ ಹೋಗಿತ್ತು. ಬೆಳಗಾವಿ ಮುಟ್ಟಿದ ಮೇಲೆ ನೆನಪಾಯಿತು, ಮೊಸರಿನ ಗಡಿಗೆ ಬೆಂಚಿನ ಕೆಳಗೇ ಉಳಿದಿದೆ. ಮರುದಿನ ಹುಡುಗ ಫೋನು ಮಾಡಿದ.

“ಉಳಿದ ಪದ ಬೇಕಾದ್ರ ನೀವ ಬರಬೇಕಂತ್ರಿ, ಅಜ್ಜಾರು ಹೇಳ್ಯಾರ. ಗಡಿಗಿ ಇಲ್ಲೇ ಐತ್ರಿ. ಮಸರು ನಾವು ತಿಂದೇವಿ.”