ಹದಿನಾಲ್ಕನೇ ಪ್ರಶ್ನೆ

ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳ ಕೆಲಸದ ಒತ್ತಡ ನನ್ನ ಪಿಎಚ್‌ಡಿ ವಿಷಯ. ಫ್ಯಾಕ್ಟರಿಯೊಳಗೆ ಬಿಡಲಿಲ್ಲ. ಹಾಗಾಗಿ ಭಾನುವಾರಗಳಂದು ಮಾನಸಗಂಗೋತ್ರಿಯಿಂದ ಹೊರಟು ಮದ್ದೂರಿನ ಆಸುಪಾಸಿನ ಹಳ್ಳಿಗಳಿಗೆ ಹೋಗಿ, ಜಗಲಿ ಮೇಲೆ ಕೂತು ಪ್ರಶ್ನಾವಳಿ ತುಂಬಿಸಿಕೊಳ್ಳುತ್ತೇನೆ.

1979ರಲ್ಲಿ ಕೆಲಸದ ಒತ್ತಡದ ಸಂಶೋಧಕ ರಾಬರ್ಟ್ ಕರಾಸೆಕ್ ಹೇಳಿದ ಮಾತೊಂದೇ ಇದಕ್ಕೆಲ್ಲ ಬುನಾದಿ. ಕೆಲಸ ಜಾಸ್ತಿಯಾದ ಮಾತ್ರಕ್ಕೆ ಮನುಷ್ಯರು ಕುಗ್ಗುವುದಿಲ್ಲ. ಕೆಲಸವೂ ಜಾಸ್ತಿ, ಅದರ ಮೇಲೆ ತಮಗೆ ಹಿಡಿತವೂ ಇಲ್ಲ ಅಂದಾಗ ಕುಗ್ಗುತ್ತಾರೆ. ಅಮೆರಿಕ, ಸ್ವೀಡನ್ನಿನ ಸಮೀಕ್ಷೆಗಳಿಂದ ಅವರು ಕಂಡುಕೊಂಡದ್ದು ಇದು. ಹಿಡಿತ ಅಳೆಯುವ ಪ್ರಶ್ನೆಗಳನ್ನು ನಾನು ಕನ್ನಡಕ್ಕೆ ತಂದೆ. ಗೆಳತಿ ಮೂಲ ನೋಡದೆ ಅವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದಳು. ಎರಡೂ ತಾಳೆಯಾದವು.

ಹದಿನಾಲ್ಕನೆಯದು: 'ಕೆಲಸ ಹೇಗೆ ಮಾಡಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ನನಗಿದೆ.' ಕಾಲರ್ ಹೊಲಿಯುವ ಅಕ್ಕ ಒಬ್ಬರು ತಡಮಾಡದೆ 'ಪೂರ್ತಿ ಒಪ್ಪುತ್ತೇನೆ'ಗೆ ಟಿಕ್ ಹಾಕಿದರು. ಯಾಕಕ್ಕ ಅಂದೆ.

"ಅನ್ನೊಂದು ವರ್ಷದಿಂದ ಒಲಿತಾ ಇವ್ನಿ. ಇಲ್ಲ ಅಂತ ಆಕುದ್ರೆ ನಂಗೆ ಕೆಲ್ಸ ಬರಕಿಲ್ಲ ಅಂತ ಆಯ್ತದಲ್ಲವ್ವ?"

ಪೆನ್ನು ಹಿಡಿದು ಹಾಗೇ ಕೂತೆ. ಅವರು ಉತ್ತರಿಸಿದ್ದು ತಮ್ಮ ಕಸುಬಿನ ಬಗ್ಗೆ. ಮಧ್ಯಾಹ್ನದ ಊಟದವರೆಗೆ ಒಂದು ಗುಟುಕು ನೀರೂ ಕುಡಿಯುವುದಿಲ್ಲ ಎಂದು ಅರ್ಧ ಗಂಟೆಯ ಹಿಂದೆ ಅವರೇ ಹೇಳಿದ್ದರು. ಎದ್ದು ಹೋದರೆ ಬಂಡಲ್ ಗುಡ್ಡೆ ಬೀಳುತ್ತದೆ, ಸೂಪರ್‌ವೈಸರ್ ಬಂದು ನಿಲ್ಲುತ್ತಾನೆ. ನನ್ನ ಲೆಕ್ಕದ ಹಾಳೆಯಲ್ಲಿ ಮಾತ್ರ ಈ ಅಕ್ಕನಿಗೆ ಹಿಡಿತದಲ್ಲಿ ಐದಕ್ಕೆ ಐದು.

ಪ್ರಶ್ನೆ ಬದಲಿಸುತ್ತೇನೆ ಎಂದರೆ ಗೈಡ್ ಒಪ್ಪಲಿಲ್ಲ. ಬದಲಿಸಿದರೆ ಬೇರೆ ಅಧ್ಯಯನಗಳೊಂದಿಗೆ ಹೋಲಿಸಲಾಗದು ಎಂಬ ಅವರ ಮಾತು ಸರಿಯೇ. ಆದರೂ ಬಿಡಲು ಮನಸ್ಸಾಗಲಿಲ್ಲ. ಹಿಡಿತ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನು ನಮ್ಮ ದೇಶದಲ್ಲೇ ನೋಡಿಯಾಗಿದೆ: 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನಲ್ಲಿ ಬ್ರಿಟಿಷ್ ಸಂಶೋಧಕ ಎ.ಕೆ. ರೈಸ್ ಮಗ್ಗಗಳ ಹೊಣೆಯನ್ನು ಸಣ್ಣ ಗುಂಪುಗಳಿಗೆ ಒಪ್ಪಿಸಿದಾಗ ನೇಯ್ಗೆ ಹೆಚ್ಚಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ಇಷ್ಟು ಬೆಲೆಯುಳ್ಳದ್ದನ್ನು ತಪ್ಪಾಗಿ ಅಳೆಯುವುದು ಹೇಗೆ?

ಕೊನೆಗೆ ಹದಿನಾಲ್ಕನೆಯದು ಹಾಗೇ ಉಳಿಯಿತು, ಪಕ್ಕದಲ್ಲಿ ನನ್ನದೇ ಮೂರು ಪ್ರಶ್ನೆ ಸೇರಿದವು. ಹೋದ ಭಾನುವಾರ ಅದೇ ಜಗಲಿಯಲ್ಲಿ ಮೊದಲನೆಯದನ್ನು ಓದಿದೆ: 'ಕೆಲಸದ ನಡುವೆ ಎದ್ದು ಹೋಗಲು ಯಾರನ್ನಾದರೂ ಕೇಳಬೇಕೇ?'

"ಟೋಕನ್ ತಕಬೇಕು. ಲೈನಿಗೆ ಒಂದೇ ಇರದು. ಓದೋರು ವಾಪಸ್ ಬರಗಂಟ ಕಾಯ್ಬೇಕು."

ಹೌದು, ಇಲ್ಲ ಎಂಬ ಎರಡೇ ಚೌಕ ಇಟ್ಟಿದ್ದೆ. ಅಕ್ಕನ ಮಾತನ್ನು ಅಂಚಿನಲ್ಲಿ ಬರೆದುಕೊಂಡೆ.