ಗಾಳಿ ಕೆಟ್ಟಿರುವುದು ಮೂಗಿಗೇ ಗೊತ್ತಾಗುತ್ತದಲ್ಲ, ಅದಕ್ಕೊಬ್ಬ ವಿಜ್ಞಾನಿ ಬೇಕೇ?

ಮದುವೆಮನೆಯ ಊಟದ ಪಂಕ್ತಿಯಲ್ಲಿ, ಹುಬ್ಬಳ್ಳಿಯ ರೈಲಿನಲ್ಲಿ, ಮಗಳ ಶಾಲೆಯ ಅಂಗಳದಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ. ವಾತಾವರಣದ ರಸಾಯನಶಾಸ್ತ್ರ ನನ್ನ ಕೆಲಸ ಎಂದ ಕೂಡಲೇ, "ಸಿಲ್ಕ್ ಬೋರ್ಡ್ ಹತ್ತಿರ ಎರಡು ನಿಮಿಷ ನಿಂತರೆ ಸಾಕು, ಗಾಳಿ ಕೆಟ್ಟಿರುವುದು ಮೂಗಿಗೇ ಗೊತ್ತಾಗುತ್ತದೆ. ಅದನ್ನು ಅಳೆಯುವುದಕ್ಕೆ ಒಂದು ಜನ್ಮವೆಲ್ಲ ಬೇಕೇ?" ಎನ್ನುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಪಿಯುಸಿ ಮುಗಿಸಿದ ಮಕ್ಕಳನ್ನು ಯಾವ ಓದಿಗೆ ಹಾಕುವುದೆಂಬ ಯೋಚನೆಯಲ್ಲಿರುವ ತಂದೆತಾಯಿಯರು. ಆದ್ದರಿಂದ ಉತ್ತರವನ್ನು ಸಾವಧಾನವಾಗಿಯೇ ಬರೆಯುತ್ತೇನೆ.

ಗಾಳಿ ಕೆಟ್ಟಿದೆ ಎಂಬುದಷ್ಟೇ ಮೂಗಿಗೆ ತಿಳಿಯುತ್ತದೆ. ಕೆಡಿಸಿದ್ದು ಯಾವುದು ಎಂದು ಅದು ಹೇಳಲಾರದು. ಈ ಒಂದು ವ್ಯತ್ಯಾಸಕ್ಕಾಗಿಯೇ ನಮ್ಮ ಇಡೀ ಶಾಸ್ತ್ರ ಹುಟ್ಟಿದೆ.

1943ರ ಜುಲೈ ತಿಂಗಳಿನಲ್ಲಿ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣು ಉರಿಸುವ ಮಬ್ಬು ಕವಿಯಿತು. ಯುದ್ಧದ ಕಾಲವಾದ್ದರಿಂದ ವೈರಿಗಳು ವಿಷಾನಿಲ ಬಿಟ್ಟರೇನೋ ಎಂದು ಜನ ಹೆದರಿದರು. ಆಮೇಲೆ ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕವನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಮೇಲೆ ಎಲ್ಲರ ಅನುಮಾನ ತಿರುಗಿತು. ಅದರ ಕೆಲಸ ನಿಲ್ಲಿಸಿದ್ದೂ ಆಯಿತು, ಮಬ್ಬು ಮಾತ್ರ ಹೋಗಲಿಲ್ಲ. ಗುಟ್ಟು ಬಿಡಿಸಿದವರು ಕ್ಯಾಲ್ಟೆಕ್ ಎಂಬ ಕ್ಯಾಲಿಫೋರ್ನಿಯಾದ ತಾಂತ್ರಿಕ ಸಂಸ್ಥೆಯ ರಸಾಯನಶಾಸ್ತ್ರಜ್ಞ ಆರೀ ಹಾಗೆನ್-ಸ್ಮಿತ್. ಅಲ್ಲಿಯವರೆಗೆ ಅವರು ಹುಡುಕುತ್ತಿದ್ದುದು ಅನಾನಸ್ ಹಣ್ಣಿನ ಪರಿಮಳ ಯಾವ ಯಾವ ದ್ರವ್ಯಗಳಿಂದ ಬರುತ್ತದೆ ಎಂಬುದನ್ನು. ಹಣ್ಣಿನ ಆವಿಯನ್ನು ಹಿಡಿಯುವ ಕೈಚಳಕವನ್ನೇ ಊರಿನ ಗಾಳಿಗೂ ಬಳಸಿ, ಅದನ್ನು ಅತಿ ಶೀತದಲ್ಲಿ ಹನಿಗಟ್ಟಿಸಿ ಪರೀಕ್ಷಿಸಿದರು. ವಾಹನಗಳಿಂದಲೂ ತೈಲ ಶುದ್ಧೀಕರಣ ಘಟಕಗಳಿಂದಲೂ ಹೊರಬೀಳುವ ಹೈಡ್ರೋಕಾರ್ಬನ್‌ಗಳು ನೈಟ್ರೋಜನ್ ಆಕ್ಸೈಡ್‌ಗಳ ಜೊತೆ ಸೇರಿ, ಬಿಸಿಲಿನ ಒಲೆಯಲ್ಲಿ ಬೆಂದು, ನೆಲದ ಬಳಿ ಉಸಿರಾಡಿದರೆ ವಿಷವಾದ ಓಝೋನ್ ಅನಿಲವನ್ನು ಹುಟ್ಟಿಸುತ್ತವೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಆ ಊರಿನಲ್ಲಿ ಓಝೋನ್ ತಾಗಿ ರಬ್ಬರ್ ಬಲು ಬೇಗ ಬಿರುಕು ಬಿಡುತ್ತಿತ್ತು. ಬಾಗಿಸಿಟ್ಟ ರಬ್ಬರ್ ಪಟ್ಟಿ ಬಿರಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರಿಂದಲೇ ಓಝೋನ್ ಪ್ರಮಾಣವನ್ನು ಅಂದಾಜು ಮಾಡುತ್ತಿದ್ದರು. ಯಾವ ಚಿಮಣಿಯಲ್ಲಿ ಹುಡುಕಿದರೂ ಆ ವಿಷ ಸಿಗುವಂತಿರಲಿಲ್ಲ, ಏಕೆಂದರೆ ಅದು ತಯಾರಾಗುತ್ತಿದ್ದುದು ಆಕಾಶದಲ್ಲಿ. ಈ ಭಾಗವನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಇಂದಿಗೂ ರೋಮಾಂಚನವಾಗುತ್ತದೆ.

ನಮ್ಮಲ್ಲಿಯೂ ಇದೇ ಕಥೆ ಬೇರೆ ವೇಷದಲ್ಲಿ ನಡೆಯುತ್ತಿದೆ. 2020ರ ಲಾಕ್‌ಡೌನ್‌ನಲ್ಲಿ ರಸ್ತೆಗಳು ಬರಿದಾದಾಗ ನಮ್ಮ ನಗರಗಳಲ್ಲಿ ಧೂಳೂ ಹೊಗೆಯೂ ಇಳಿದವು. ಆದರೆ ಹಲವು ಕಡೆ ಓಝೋನ್ ಏರಿತು. ವಾಹನದ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುತ್ತದೆ. ಹೊಗೆ ನಿಂತಾಗ ತಿನ್ನುವವರಿಲ್ಲದೆ ಅದು ಉಳಿದುಕೊಂಡಿತು. ಸೂಕ್ಷ್ಮ ಕಣಗಳ ವಿಷಯವೂ ಹೀಗೆಯೇ. ಹೊಲದ ಯೂರಿಯಾ, ಕೊಟ್ಟಿಗೆಯ ಸಗಣಿ ಗಂಜಲಗಳಿಂದ ಏಳುವ ಅಮೋನಿಯಾ ನಗರದ ಹೊಗೆಯಿಂದ ಹುಟ್ಟಿದ ಆಮ್ಲಗಳನ್ನು ಕೂಡಿಕೊಂಡು ಕಣವಾಗುತ್ತದೆ. ಅಂಥ ಕಣಕ್ಕೆ ಹಳ್ಳಿಯೂ ಪೇಟೆಯೂ ತಮ್ಮ ತಮ್ಮ ಪಾಲು ಕೊಟ್ಟಿರುತ್ತವೆ. ಇದನ್ನು ಮೂಗು ಹೇಗೆ ತಿಳಿದೀತು?

ಇನ್ನು ನಾನು ದಿನವೂ ಮಾಡುವ ಕೆಲಸ. ಬೆಳಿಗ್ಗೆ ಆರಕ್ಕೆ ತಾರಸಿ ಹತ್ತಿ ಹಿಂದಿನ ದಿನದ ಫಿಲ್ಟರನ್ನು ಚಿಮಟದಲ್ಲಿ ಎತ್ತಿ ಡಬ್ಬಿಗೆ ಹಾಕಿ, ಹೊಸದನ್ನು ಕೂರಿಸುತ್ತೇನೆ. 47 ಮಿಲಿಮೀಟರ್ ಅಗಲದ ಬಿಳಿ ಬಿಲ್ಲೆ ಅದು. ಯಂತ್ರ ಅದರ ಮೂಲಕ ನಿಮಿಷಕ್ಕೆ 16.7 ಲೀಟರ್‌ನಂತೆ ಇಡೀ ದಿನ ಗಾಳಿ ಎಳೆಯುತ್ತದೆ, ಒಟ್ಟು 24 ಘನ ಮೀಟರ್. ಒಂದು ಹಗಲು ಒಂದು ರಾತ್ರಿಯಲ್ಲಿ ಬಿಲ್ಲೆಯ ನಡುಭಾಗ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಚಳಿಗಾಲದಲ್ಲಿ ಕಾಡಿಗೆ ಬಳಿದಷ್ಟು ಕಪ್ಪು. ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳಿಗೆ ನಮ್ಮ ದೇಶ ಇಟ್ಟುಕೊಂಡಿರುವ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ ಬಿಲ್ಲೆಗೆ ಅಂಟುವುದು ಒಂದೂವರೆ ಮಿಲಿಗ್ರಾಂಗಿಂತ ಕಡಿಮೆ, ಹೆಚ್ಚುಕಡಿಮೆ ಅರ್ಧ ಎಳ್ಳುಕಾಳಿನ ತೂಕ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಇನ್ನೂ ಕಡಿಮೆ, 15 ಮೈಕ್ರೋಗ್ರಾಂ. ಅರ್ಧ ಎಳ್ಳಿನಷ್ಟನ್ನು ನಂಬುವಂತೆ ತೂಗಬೇಕಾದರೆ ಕೋಣೆಯ ಶಾಖ, ತೇವ ಎರಡೂ ಕದಲಬಾರದು. ತೂಗುವವಳ ಉಸಿರು ಕೂಡ ತಕ್ಕಡಿಗೆ ತಾಗಬಾರದು. ಈ ತಾಳ್ಮೆಯನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

"ಮಕ್ಕಳು ಏನು ಓದಬೇಕು?" ರಸಾಯನಶಾಸ್ತ್ರ, ಭೌತಶಾಸ್ತ್ರ, ಎಂಜಿನಿಯರಿಂಗ್, ಯಾವುದರಿಂದ ಬಂದರೂ ಬಾಗಿಲು ತೆರೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ ಇವೆಲ್ಲ ಈ ವಿಷಯದಲ್ಲಿ ಕೆಲಸ ಮಾಡುತ್ತಿವೆ. ಪಿಎಚ್‌ಡಿ ಆದ ಮೇಲೂ ಕೆಲವು ವರ್ಷ ಯೋಜನೆಯಿಂದ ಯೋಜನೆಗೆ ತಾತ್ಕಾಲಿಕ ನೇಮಕಗಳಲ್ಲೇ ಕಳೆಯಬೇಕಾಗುತ್ತದೆ, ಇದನ್ನು ನಾನು ಯಾರಿಂದಲೂ ಮುಚ್ಚಿಡುವುದಿಲ್ಲ. ದಾರಿ ನೇರವಾಗಿಲ್ಲವೆಂದು ಕುಗ್ಗುವವರಿಗೆ ಹವಾಮಾನ ವಿಜ್ಞಾನಿ ವಿ. ರಾಮನಾಥನ್ ಅವರನ್ನು ನೆನಪಿಸುತ್ತೇನೆ. ಹನ್ನೊಂದನೇ ವಯಸ್ಸಿಗೆ ಬೆಂಗಳೂರಿಗೆ ಬಂದು, ತಮಿಳಿನಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬಿದ್ದು, ತರಗತಿಯಲ್ಲಿ ಹಿಂದುಳಿದವರು ಅವರು. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ರೆಫ್ರಿಜರೇಟರ್ ಕಂಪನಿಯಲ್ಲಿ ತಂಪು ಮಾಡುವ ಅನಿಲದ ಸೋರಿಕೆಯ ಹಿಂದೆ ಬಿದ್ದಿದ್ದರು. ಅದೇ ಜಾತಿಯ ಅನಿಲದ ಒಂದು ಅಣು ಇಂಗಾಲದ ಡೈಆಕ್ಸೈಡಿನ ಹತ್ತು ಸಾವಿರಕ್ಕೂ ಹೆಚ್ಚು ಅಣುಗಳಷ್ಟು ಶಾಖವನ್ನು ಹಿಡಿದಿಡುತ್ತದೆ ಎಂದು 1975ರಲ್ಲಿ ಜಗತ್ತಿಗೆ ತಿಳಿಸಿದವರೂ ಅವರೇ.

ಕೊನೆಗೆ, "ಅಳೆದದ್ದರಿಂದ ಗಾಳಿ ಸುಧಾರಿಸಿತೇ?" ಎಂದು ಕೇಳುತ್ತಾರೆ. ಒಂದು ಡಿಸೆಂಬರ್‌ನಲ್ಲಿ ನಮ್ಮ ಫಿಲ್ಟರುಗಳಲ್ಲಿ ಲೆವೊಗ್ಲುಕೋಸಾನ್ ಏರುತ್ತಾ ಹೋಯಿತು. ಕಟ್ಟಿಗೆ, ಎಲೆ, ಕಾಗದ ಸುಟ್ಟಾಗ ಹುಟ್ಟುವ ಸಕ್ಕರೆಯಂಥ ದ್ರವ್ಯ ಅದು. ಡೀಸೆಲ್ ಹೊಗೆಯಲ್ಲಿ ಇರುವುದಿಲ್ಲ. ಎಲ್ಲರೂ ದೂರುತ್ತಿದ್ದುದು ಮುಂದಿನ ರಸ್ತೆಯ ಲಾರಿಗಳನ್ನು. ಒಂದು ರಾತ್ರಿ ತಾರಸಿಯ ಮೇಲೇ ಉಳಿದು ನೋಡಿದೆ. ಪಕ್ಕದ ಕಟ್ಟಡದ ಕಾವಲುಗಾರರೊಬ್ಬರು ಗೇಟಿನ ಬಳಿ ಒಣ ಎಲೆ, ರಟ್ಟು ಸೇರಿಸಿ ಬೆಂಕಿ ಹಾಕಿ, ಮಗನನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದರು. ಇಳಿದು ಹೋಗಿ ಮಾತನಾಡಿಸಿದೆ. "ಚಳಿಗೆ ಮತ್ತೇನು ಮಾಡಲಿ ಮೇಡಂ?" ಎಂದರು. ಆ ಹೊಗೆಗೆ ಎಲ್ಲರಿಗಿಂತ ಹತ್ತಿರವಿದ್ದುದು ಆ ಮಗುವಿನ ಮುಖ. ಬೆಂಕಿ ಹಾಕಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮರುದಿನ ಆ ಕಟ್ಟಡದ ನಿವಾಸಿಗಳಿಗೆ ನಮ್ಮ ಅಂಕಿಗಳನ್ನು ತೋರಿಸಿದೆ. ಅವರು ಕಾವಲು ಕೋಣೆಗೆ ಒಂದು ವಿದ್ಯುತ್ ಹೀಟರ್, ಎರಡು ಕಂಬಳಿ ಕೊಟ್ಟರು.

ಮುಂದಿನ ವಾರದ ಫಿಲ್ಟರುಗಳಲ್ಲಿ ಲೆವೊಗ್ಲುಕೋಸಾನ್ ಅರ್ಧಕ್ಕೆ ಇಳಿದಿತ್ತು. ಉಳಿದರ್ಧ ಎಲ್ಲಿಂದ ಬರುತ್ತಿದೆ ಎಂದು ಈಗ ಹುಡುಕುತ್ತಿದ್ದೇನೆ.