ತೊಳೆಯುವ ಮೆಷಿನ್ನಿಗೇ ಕೊಳೆ

ನಮ್ಮ ಎಂಡೋಸ್ಕೋಪಿ ವಿಭಾಗದಲ್ಲಿ ಸ್ಕೋಪ್, ಅಂದರೆ ದೇಹದೊಳಗೆ ಇಳಿಸಿ ನೋಡುವ ಕ್ಯಾಮೆರಾ ಕೊಳವೆ, ತೊಳೆಯುವ ಮೆಷಿನ್ ಒಂದಿದೆ. ಮೊದಲು ಡಿಟರ್ಜೆಂಟ್, ಆಮೇಲೆ ಕ್ರಿಮಿ ಕೊಲ್ಲುವ ಪೆರಾಸೆಟಿಕ್ ಆಸಿಡ್, ಕೊನೆಗೆ ಬ್ಯಾಕ್ಟೀರಿಯಾ ತಡೆಯುವ 0.2 ಮೈಕ್ರಾನ್ ಫಿಲ್ಟರ್ ದಾಟಿ ಬಂದ ನೀರಿನಲ್ಲಿ ಜಾಲಾಡಿಸುತ್ತದೆ. ಅದರ ದೇಖರೇಖಿ ಆಸ್ಪತ್ರೆಯ ಉಪಕರಣ ನೋಡಿಕೊಳ್ಳುವ ಬಯೋಮೆಡಿಕಲ್‌ನವನಾದ ನನ್ನದು. ಆ ಕೊನೆಯ ನೀರಿನಲ್ಲೇ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಇದೆ ಅಂತ ಲ್ಯಾಬ್ ರಿಪೋರ್ಟ್ ಬಂತು.

ಸ್ಯಾಂಪಲ್ ಹಿಡಿದವರ ಕೈ ಸರಿ ಇರಲಿಲ್ಲ ಅಂದರು ಕೆಲವರು. ಯಾವಾಗಲೂ ಮೊದಲು ಬೈಸಿಕೊಳ್ಳುವವರು ಅವರೇ ತಾನೇ! ಫಿಲ್ಟರ್ ಬದಲಾಯಿಸಿದೆ, ಮೆಷಿನ್ ತನ್ನನ್ನೇ ಶುದ್ಧ ಮಾಡಿಕೊಳ್ಳುವ ಸೈಕಲ್ ಓಡಿಸಿದೆ. ರಿಪೋರ್ಟ್ ಕ್ಲೀನ್. ಕೆಲವೇ ದಿನಗಳಲ್ಲಿ ಮತ್ತೆ ಅದೇ ಬ್ಯಾಕ್ಟೀರಿಯಾ. ಮೈಕ್ರೋಬಯಾಲಜಿ ಮೇಡಂ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟನ್ನು ಬೆಳಕಿಗೆ ಹಿಡಿದು, ಕಾಲೊನಿಗಳ ಸುತ್ತ ಹರಡಿದ್ದ ಹಸಿರು ಬಣ್ಣ ತೋರಿಸಿದರು. "ನೀರಲ್ಲಿ ಹುಡುಕಿದ್ದು ಸಾಕು, ಪೈಪ್ ಬಿಚ್ಚಿ," ಅಂದರು.

ಹಿಂದಿನ ಪ್ಯಾನೆಲ್ ತೆಗೆದೆ. ಫಿಲ್ಟರ್ ಆದಮೇಲೆ, ಚೇಂಬರ್‌ಗೆ ಮುಂಚೆ ಒಂದು ಟೀ ಜಾಯಿಂಟ್. ಅದರ ಒಂದು ಬಾಯಿಗೆ ಮುಚ್ಚಳ. ಯಾವುದೋ ಹಳೆಯ ಕನೆಕ್ಷನ್ ಇದ್ದಿರಬೇಕು. ನೀರು ಅಲ್ಲಿ ನಿಲ್ಲುತ್ತದೆಯೇ ಹೊರತು ಹರಿಯುವುದಿಲ್ಲ. ಆ ಪೈಪಿನ ತುಂಡನ್ನು ಬ್ಲೇಡಿನಿಂದ ಸೀಳಿದೆ. ನೋಡಲು ಏನೂ ಇಲ್ಲ, ಸ್ವಲ್ಪ ಮಬ್ಬು ಅಷ್ಟೇ. ಗ್ಲೌಸ್ ಹಾಕಿದ ಬೆರಳು ಆಡಿಸಿದರೆ ಮಾತ್ರ ಜಾರಿತು. ಸ್ವಾಬ್‌ಗೆ ಬಿಳಿಚು ಲೋಳೆ ಎಳೆಎಳೆಯಾಗಿ ಅಂಟಿಕೊಂಡು ಬಂತು.

ಬಯೋಫಿಲ್ಮ್ ಅಂದರೆ ಇದೇ. ನೆನೆಸಿದ ಕಾಮಕಸ್ತೂರಿ ಬೀಜದ ಸುತ್ತ ಲೋಳೆ ಕಟ್ಟುತ್ತದಲ್ಲ, ಹಾಗೆ ಬ್ಯಾಕ್ಟೀರಿಯಾಗಳು ಸಕ್ಕರೆ, ಪ್ರೋಟೀನ್‌ಗಳ ಲೋಳೆಯೊಳಗೆ ಹುದುಗಿ ಪೈಪಿಗೆ ಅಂಟಿಕೊಂಡಿರುತ್ತವೆ. ಕೆಮಿಕಲ್‌ನ ಶಕ್ತಿ ಮೇಲಿನ ಪದರದಲ್ಲೇ ಮುಗಿದುಹೋಗುತ್ತದೆ. ಅಡಿಯಲ್ಲಿರುವವು ಅರೆನಿದ್ದೆಯಲ್ಲಿದ್ದು ಬಚಾವಾಗುತ್ತವೆ, ಆಮೇಲೆ ಒಂದೊಂದೇ ಕಳಚಿ ನೀರಿಗೆ ಸೇರುತ್ತವೆ. ಸ್ಕೋಪ್‌ಗಳಿಗೆ ಹಿಂದೆ ಎಲ್ಲೆಡೆ ಬಳಸುತ್ತಿದ್ದ ಕ್ರಿಮಿನಾಶಕ ಗ್ಲುಟರಾಲ್ಡಿಹೈಡ್ ಇನ್ನೂ ಕಷ್ಟ. ಅದು ಪ್ರೋಟೀನನ್ನು ಗಟ್ಟಿ ಮಾಡುತ್ತದೆ, ಲೋಳೆ ಗೋಡೆಗೆ ಮತ್ತಷ್ಟು ಕಚ್ಚಿಕೊಳ್ಳುತ್ತದೆ.

1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಪೊವಿಡೋನ್ ಅಯೋಡಿನ್ ದ್ರಾವಣದಲ್ಲೇ ಸ್ಯೂಡೋಮೊನಾಸ್ ಸಿಕ್ಕಿತ್ತಂತೆ. ಗಾಯಕ್ಕೆ ಹಚ್ಚುವ ಔಷಧಿಯಲ್ಲಿ! ಆಗಲೂ ಗುಮಾನಿ ಹೋದದ್ದು ಕಾರ್ಖಾನೆಯ ಪೈಪುಗಳ ಮೇಲೆ.

ಟೀ ಜಾಯಿಂಟ್ ಕಿತ್ತು, ಫಿಲ್ಟರ್ ನಂತರದ ಪೈಪನ್ನೆಲ್ಲ ಹೊಸದು ಹಾಕಿದೆವು. ಅಲ್ಲಿಯವರೆಗೆ ಸ್ಕೋಪ್‌ಗಳನ್ನು ಕೈಯಲ್ಲೇ ತೊಳೆದು, ಸ್ಟೆರೈಲ್ ನೀರಲ್ಲಿ ಜಾಲಾಡಿಸಿ, ಒಳಗಿನ ಸಣ್ಣ ಕೊಳವೆಗೆ (ಚಾನೆಲ್) ಗಾಳಿ ಊದಿ ಒಣಗಿಸಿದ ಸಿಸ್ಟರ್‌ಗಳಿಗೆ ಸಾಕುಸಾಕಾಗಿ ಹೋಗಿತ್ತು. ಮುಂದಿನ ಸ್ಯಾಂಪಲ್‌ಗಳು ಕ್ಲೀನ್ ಬಂದವು.

ಮೆಷಿನ್‌ನ ಸರ್ವಿಸ್ ಪಟ್ಟಿಯಲ್ಲಿ ಫಿಲ್ಟರ್ ಬದಲಾವಣೆ ಇದೆ, ಪೈಪ್ ಬದಲಾವಣೆ ಇಲ್ಲ. ಹಾಗಾಗಿ ಹೊಸ ಪೈಪ್ ಬೇಕು ಅಂತ ಪ್ರತಿ ವರ್ಷ ಇಂಡೆಂಟ್ ಹಾಕುತ್ತೇನೆ. "ಸೋರದ ಪೈಪ್ ಸುಮ್ನೆ ಯಾಕ್ರೀ ಬದಲಾಯಿಸ್ತೀರಿ?" ಅಂತ ಪರ್ಚೇಸ್‌ನವರು ಪ್ರತಿ ವರ್ಷ ಕೇಳುತ್ತಾರೆ.